ಹಳೆಯ ಕಂಪ್ಯೂಟರಿಗೆ ಹಗುರವಾದ ಕಾವಲು: ಓದುಗರ ಪ್ರಶ್ನೋತ್ತರ

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ದೂರನ್ನು ಹೊತ್ತಿದ್ದವು: ರಕ್ಷಣೆಗೆಂದು ಹಾಕಿಕೊಂಡ ತಂತ್ರಾಂಶವೇ ಕಂಪ್ಯೂಟರಿನ ಕೈಕಾಲು ಕಟ್ಟಿಹಾಕಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಅಗತ್ಯವೆನಿಸಿದ ಕಡೆ ವಿಸ್ತಾರವಾಗಿಯೂ ಉಳಿದೆಡೆ ಚುಟುಕಾಗಿಯೂ ಉತ್ತರಿಸಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ವಿಂಡೋಸ್ ಬಳಸುವವರಾದ್ದರಿಂದ ಮಾತು ಅದರ ಸುತ್ತಲೇ ಇದೆ.

ಪ್ರಶ್ನೆ: ನನ್ನ ಬಳಿ ಇರುವುದು ಎಂಟು ವರ್ಷ ಹಳೆಯ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, ವಿಂಡೋಸ್ 10. ಹಣ ಕೊಟ್ಟು ಒಂದು ಆ್ಯಂಟಿವೈರಸ್ ಹಾಕಿಸಿದ ಮೇಲೆ, ಆನ್ ಮಾಡಿ ಒಂದು ಪತ್ರ ಟೈಪು ಮಾಡುವ ಸ್ಥಿತಿಗೆ ಬರಲು ಹತ್ತು ನಿಮಿಷ ಹಿಡಿಯುತ್ತಿದೆ. ಎಲ್ಲಕ್ಕಿಂತ ಹಗುರವಾದ ಆ್ಯಂಟಿವೈರಸ್ ಯಾವುದು, ದಯವಿಟ್ಟು ತಿಳಿಸಿ.

ಉತ್ತರ: ಹೆಸರು ಹೇಳುವ ಮುನ್ನ ‘ಹಗುರ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ. ಆ್ಯಂಟಿವೈರಸ್ಸಿನ ತೂಕವನ್ನು ಬಹಳ ಜನ ಅದು ಎಷ್ಟು ಎಂಬಿ ರ‍್ಯಾಮ್ ತಿನ್ನುತ್ತದೆ ಎಂಬುದರಿಂದ ಅಳೆಯುತ್ತಾರೆ. ಆ ಅಂಕಿ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ನಿಜವಾದ ಭಾರ ಬೀಳುವುದು ಕಡತಗಳ ಬಾಗಿಲಲ್ಲಿ. ಯಾವುದೇ ತಂತ್ರಾಂಶ ಒಂದು ಕಡತವನ್ನು ತೆರೆಯಲು, ಬರೆಯಲು ಅಥವಾ ಓಡಿಸಲು ಹೊರಟಾಗ ಆ್ಯಂಟಿವೈರಸ್ಸಿನ ಫಿಲ್ಟರ್ ಡ್ರೈವರ್ (ವಿಂಡೋಸ್ ಒಳಗೇ ಕುಳಿತು ಕೆಲಸ ಮಾಡುವ ಅದರ ಭಾಗ) ನಡುವೆ ನಿಂತು ಅದನ್ನು ತಡೆದು, ಪರೀಕ್ಷಿಸಿ, ಆಮೇಲೆ ಮುಂದಕ್ಕೆ ಬಿಡುತ್ತದೆ. ಕಂಪ್ಯೂಟರ್ ಆನ್ ಆದ ಮೊದಲ ಕೆಲವು ನಿಮಿಷಗಳಲ್ಲಿ ಸಾವಿರಾರು ಕಡತಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ. ಪ್ರತಿಯೊಂದಕ್ಕೂ ಈ ತಪಾಸಣೆ ಆಗಬೇಕು. ನಿಮ್ಮ ಹತ್ತು ನಿಮಿಷ ಹೋಗುತ್ತಿರುವುದು ಅಲ್ಲಿ.

ಆದರೆ ಅಪರಾಧವೆಲ್ಲ ಆ್ಯಂಟಿವೈರಸ್ಸಿನದೇ ಎಂದು ತೀರ್ಮಾನಿಸುವ ಮುನ್ನ ಒಂದು ಕೆಲಸ ಮಾಡಿ. ಕಂಪ್ಯೂಟರ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೇಲ್ಸಾಲಿನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳ ತಲೆಯ ಮೇಲೆ ಶೇಕಡಾವಾರು ಅಂಕಿ ಕಾಣುತ್ತದೆ. ಸಿಪಿಯು 20 ಅಥವಾ 30ರಲ್ಲೇ ತೂಕಡಿಸುತ್ತಿದ್ದು ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡು ಕುಳಿತಿದ್ದರೆ ರೋಗ ಬೇರೆಡೆ ಇದೆ. ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕಿನಲ್ಲಿ ಓದುವ ತೋಳು ಅತ್ತಿಂದಿತ್ತ ಸರಿಯಬೇಕಾದ್ದರಿಂದ, ಚದುರಿಹೋದ ಸಣ್ಣ ಸಣ್ಣ ಕಡತಗಳನ್ನು ಓದುವಾಗ ಅದು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಕೋರಿಕೆಗಳನ್ನು ಮಾತ್ರ ಪೂರೈಸಬಲ್ಲದು. ಅದೇ ಜಾಗದಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್ಪುಗಳಿಂದಾದ ಡಿಸ್ಕ್) ಇದ್ದರೆ ಆ ಸಂಖ್ಯೆ ಹತ್ತಾರು ಸಾವಿರಕ್ಕೆ ಏರುತ್ತದೆ. ಇಂತಹ ಯಂತ್ರದಲ್ಲಿ ಆ್ಯಂಟಿವೈರಸ್ಸುಗಳನ್ನು ಒಂದಾದ ಮೇಲೊಂದು ಬದಲಿಸಿ ನೋಡುವುದಕ್ಕಿಂತ ಡಿಸ್ಕನ್ನೇ ಬದಲಿಸುವುದರಿಂದ ಸಿಗುವ ಲಾಭ ಎಷ್ಟೋ ಪಾಲು ಹೆಚ್ಚು. ಪ್ರಶ್ನೆ ಕೇಳಿದ್ದು ತಂತ್ರಾಂಶದ ಬಗ್ಗೆ, ಉತ್ತರ ಬಂದದ್ದು ಯಂತ್ರಾಂಶದ ಬಗ್ಗೆ ಎಂದು ಬೇಸರಿಸಬೇಡಿ. ಈ ಅಂಕಣಕ್ಕೆ ಬರುವ ‘ನಿಧಾನ’ದ ದೂರುಗಳ ಪೈಕಿ ಹಲವು ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ.

ಇನ್ನು ತಂತ್ರಾಂಶದ ಆಯ್ಕೆ. ಮೈಕ್ರೋಸಾಫ್ಟ್ 2009ರಲ್ಲಿ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬ ಉಚಿತ ಆ್ಯಂಟಿವೈರಸ್ ಕೊಟ್ಟಿತು. 2012ರಲ್ಲಿ ವಿಂಡೋಸ್ 8 ಬಂದಾಗ ಅದೇ ಕೆಲಸವನ್ನು ಡಿಫೆಂಡರ್ ಎಂಬ ಹೆಸರಿನಲ್ಲಿ ವಿಂಡೋಸ್ ಒಳಗೇ ಸೇರಿಸಿತು. ಅಂದಮೇಲೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ್ಯಂಟಿವೈರಸ್ ಮೊದಲಿನಿಂದಲೂ ಇತ್ತು, ನೀವು ಹೊಸದೊಂದನ್ನು ಹಾಕಿದಾಗ ಅದು ತಾನಾಗಿ ಪಕ್ಕಕ್ಕೆ ಸರಿದು ನಿದ್ದೆಹೋಯಿತು. ಹಣ ಕೊಟ್ಟದ್ದನ್ನು ತೆಗೆದರೆ ಡಿಫೆಂಡರ್ ಮತ್ತೆ ಎಚ್ಚರಗೊಳ್ಳುತ್ತದೆ. ಇಂದಿನ ಸ್ಥಿತಿಯಲ್ಲಿ ಸಾಮಾನ್ಯ ಮನೆಬಳಕೆಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಇದು ಬರೀ ನನ್ನ ಮಾತಲ್ಲ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ಆ್ಯಂಟಿವೈರಸ್ಸುಗಳಿಗೆ ರಕ್ಷಣೆ, ವೇಗ, ಬಳಕೆಯ ಅನುಕೂಲ ಎಂಬ ಮೂರು ವಿಭಾಗಗಳಲ್ಲಿ ತಲಾ 6ರಂತೆ ಒಟ್ಟು 18 ಅಂಕ ಇಟ್ಟು ಪರೀಕ್ಷಿಸುತ್ತದೆ. ಡಿಫೆಂಡರ್ ಈಚಿನ ವರ್ಷಗಳಲ್ಲಿ ಅಲ್ಲಿ ಪೂರ್ಣಾಂಕ ಅಥವಾ ಅದರ ಹತ್ತಿರದ ಅಂಕವನ್ನು ಮತ್ತೆ ಮತ್ತೆ ಪಡೆದಿದೆ. ಅದರ ಕೊರತೆಗಳನ್ನೂ ಹೇಳಿಬಿಡಬೇಕು. ಗುರುತು ಹಿಡಿಯುವ ಶಕ್ತಿಗೆ ಅದು ಇಂಟರ್ನೆಟ್ಟಿನಾಚೆಯ ತನ್ನ ಸರ್ವರ್‌ಗಳನ್ನು ಬಹಳವಾಗಿ ನೆಚ್ಚಿಕೊಂಡಿದೆ. ಸಂಪರ್ಕವಿಲ್ಲದ ಯಂತ್ರದಲ್ಲಿ ಅದರ ಕಣ್ಣು ಸ್ವಲ್ಪ ಮಂದ. ಹಾಗಾಗಿ ಇಂಟರ್ನೆಟ್ಟಿಗೆ ಅಪರೂಪಕ್ಕೆ ಸೇರಿಸಿ, ಪೆನ್‌ಡ್ರೈವ್‌ಗಳ ಮೂಲಕವೇ ಕಡತಗಳ ಕೊಡುಕೊಳ್ಳುವಿಕೆ ನಡೆಸುವವರಾದರೆ ಇಸೆಟ್‌ನಂತಹ ಹಗುರವೆಂದು ಹೆಸರು ಪಡೆದ ತಂತ್ರಾಂಶವನ್ನು ಪರಿಗಣಿಸಬಹುದು.

ಯಾವುದನ್ನು ಆರಿಸಿದರೂ, ಕೊಳ್ಳುವ ಮುನ್ನ ನಿಮ್ಮ ಯಂತ್ರದಲ್ಲೇ ಅಳೆದು ನೋಡಿ. ಹೆಚ್ಚಿನವು ತಿಂಗಳ ಮಟ್ಟಿಗೆ ಪ್ರಾಯೋಗಿಕ ಬಳಕೆಗೆ ಸಿಗುತ್ತವೆ. ನಾನು ಮಾಡುವ ಪರೀಕ್ಷೆ ಬಹಳ ಸರಳವಾದದ್ದು. ಸುಮಾರು ಸಾವಿರ ಫೋಟೋಗಳಿರುವ ಒಂದು ಫೋಲ್ಡರನ್ನು ಇನ್ನೊಂದು ಕಡೆಗೆ ನಕಲು ಮಾಡಲು ಎಷ್ಟು ಹೊತ್ತು ಬೇಕೆಂದು ಫೋನಿನ ಸ್ಟಾಪ್‌ವಾಚ್ ಹಿಡಿದು ಬರೆದಿಡುತ್ತೇನೆ. ಯಂತ್ರವನ್ನು ಮರುಚಾಲನೆ ಮಾಡಿ ಮತ್ತೆರಡು ಸಲ ಹಾಗೆಯೇ ಮಾಡುತ್ತೇನೆ. ಆಮೇಲೆ ಆ್ಯಂಟಿವೈರಸ್ ಬದಲಿಸಿ ಅದೇ ಫೋಲ್ಡರ್, ಅದೇ ಮೂರು ಸಲ. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಒಮ್ಮೆ ನೋಡಿದ ಕಡತ ಬದಲಾಗದಿದ್ದರೆ ಮತ್ತೆ ಪೂರ್ತಿ ನೋಡದೆ ಬಿಡುವ ಜಾಣ್ಮೆ ಒಳ್ಳೆಯ ಆ್ಯಂಟಿವೈರಸ್ಸಿಗೆ ಇರುತ್ತದೆ. ಒಂದೇ ದೊಡ್ಡ ವೀಡಿಯೊ ಕಡತವನ್ನು ನಕಲಿಸಿ ಅಳೆಯಬೇಡಿ. ತಪಾಸಣೆಯ ಭಾರ ಗೊತ್ತಾಗುವುದು ಕಡತಗಳ ಸಂಖ್ಯೆಯಿಂದ, ಗಾತ್ರದಿಂದಲ್ಲ.

ಇನ್ನೊಂದು ಮಾತು. ಹಣ ಕೊಟ್ಟು ಕೊಳ್ಳುವ ‘ಸಂಪೂರ್ಣ ರಕ್ಷಣೆ’ಯ ಕಟ್ಟಿನಲ್ಲಿ ಆ್ಯಂಟಿವೈರಸ್ಸಿನ ಜೊತೆಗೆ ವಿಪಿಎನ್, ಪಾಸ್‌ವರ್ಡ್ ಪೆಟ್ಟಿಗೆ, ‘ವೇಗ ಹೆಚ್ಚಿಸುವ’ ಸಾಧನ, ಬ್ರೌಸರಿನ ಎಕ್ಸ್‌ಟೆನ್ಷನ್ ಎಲ್ಲವೂ ಸೇರಿಕೊಂಡು ಬಂದು, ಒಂದೊಂದೂ ಹಿನ್ನೆಲೆಯಲ್ಲಿ ತನ್ನದೊಂದು ಒಲೆ ಹೂಡುತ್ತದೆ. ಕಂಪ್ಯೂಟರಿನ ವೇಗವನ್ನು ಮೊದಲು ತಿಂದು, ಆಮೇಲೆ ಹೆಚ್ಚಿಸಿಕೊಡುತ್ತೇನೆ ಎನ್ನುವ ಆ ಸಾಧನವಂತೂ ನನಗೆ ಎಂದೂ ಅರ್ಥವಾಗಿಲ್ಲ. ಅಳವಡಿಸುವಾಗ ‘ಕಸ್ಟಮ್’ ಎಂಬ ಆಯ್ಕೆ ಇದ್ದರೆ ಅದನ್ನು ಹಿಡಿದು ಬೇಡದ್ದನ್ನೆಲ್ಲ ಬಿಟ್ಟುಬಿಡಿ. ಡಿಫೆಂಡರನ್ನೇ ಇಟ್ಟುಕೊಂಡರೆ, ನಿಗದಿತ ಸ್ಕ್ಯಾನ್ ನಡೆಯುವಾಗ ಸಿಪಿಯುವಿನ ಸರಾಸರಿ ಬಳಕೆ ಶೇ. 50ರ ಆಸುಪಾಸನ್ನು ಮೀರದಂತೆ ಅದರಲ್ಲಿ ಮೊದಲೇ ಮಿತಿ ಇಟ್ಟಿರುತ್ತಾರೆ. ಪವರ್‌ಶೆಲ್ (ವಿಂಡೋಸ್‌ಗೆ ಆಜ್ಞೆಗಳನ್ನು ಟೈಪು ಮಾಡಿ ಕೊಡುವ ಸಾಧನ) ಬಳಸಬಲ್ಲವರು ಆ ಮಿತಿಯನ್ನು ಇನ್ನಷ್ಟು ಇಳಿಸಬಹುದು. ಸ್ಕ್ಯಾನ್ ವೇಳೆಯನ್ನು ನೀವು ಊಟಕ್ಕೆ ಏಳುವ ಹೊತ್ತಿಗೆ ಹೊಂದಿಸಿಕೊಳ್ಳುವುದೂ ಸಾಧ್ಯ. ಆದರೆ ವೇಗದ ಆಸೆಗೆ ಬಿದ್ದು ‘ಡೌನ್‌ಲೋಡ್ಸ್’ ಫೋಲ್ಡರನ್ನು ತಪಾಸಣೆಯಿಂದ ಹೊರಗಿಡುವ ಕೆಲಸ ಮಾತ್ರ ಬೇಡ. ಕುತಂತ್ರಾಂಶ ಮೊದಲು ಬಂದಿಳಿಯುವ ಜಾಗವೇ ಅದು.

ಪ್ರಶ್ನೆ: ವಿಂಡೋಸ್‌ನ ಫೈರ್‌ವಾಲ್ ಒಳಗೆ ಬರುವುದನ್ನು ಮಾತ್ರ ತಡೆಯುತ್ತದೆ, ಹೊರಗೆ ಹೋಗುವುದನ್ನು ಕೇಳುವುದೇ ಇಲ್ಲ, ಆದ್ದರಿಂದ ಬೇರೆ ಫೈರ್‌ವಾಲ್ ಹಾಕಿಕೊಳ್ಳಲೇಬೇಕು ಎಂದು ಸ್ನೇಹಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಅವರ ಮಾತು ಸರಿಯೇ? ಹಗುರವಾದದ್ದು ಯಾವುದಾದರೂ ಇದೆಯೇ?

ಉತ್ತರ: ಫೈರ್‌ವಾಲ್ ಎಂದರೆ ಕಂಪ್ಯೂಟರಿಗೂ ಜಾಲಕ್ಕೂ ನಡುವೆ ನಿಂತು ಸಂಪರ್ಕಗಳನ್ನು ಸೋಸುವ ಕಾವಲು. ನಿಮ್ಮ ಸ್ನೇಹಿತರು ಹೇಳಿದ ಸಂಗತಿ ಸರಿ, ಅದರಿಂದ ಅವರು ಎಳೆದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಒಳಬರುವ ಸಂಪರ್ಕಗಳನ್ನು ತಡೆಯುವುದು ಏಕೆ ಮುಖ್ಯ ಎಂಬುದಕ್ಕೆ 2003ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಂಡರೆ ಸಾಕು. ಬ್ಲಾಸ್ಟರ್ ಎಂಬ ಹುಳು (ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಕುತಂತ್ರಾಂಶ) ವಿಂಡೋಸ್ ಎಕ್ಸ್‌ಪಿ ಮತ್ತು 2000 ಕಂಪ್ಯೂಟರುಗಳಿಗೆ 135ನೇ ಸಂಖ್ಯೆಯ ಪೋರ್ಟ್ (ಜಾಲದ ಸಂಪರ್ಕಗಳು ಒಳಬರುವ ಬಾಗಿಲು) ಮೂಲಕ ನುಗ್ಗಿತು. ಬಳಕೆದಾರ ಏನನ್ನೂ ತೆರೆಯಬೇಕಿರಲಿಲ್ಲ, ಯಾವುದರ ಮೇಲೂ ಕ್ಲಿಕ್ ಮಾಡಬೇಕಿರಲಿಲ್ಲ. ಇಂಟರ್ನೆಟ್ಟಿಗೆ ಸೇರಿದ್ದರೆ ಸಾಕಿತ್ತು. ಪರದೆಯ ಮೇಲೆ 60 ಸೆಕೆಂಡುಗಳ ಎಣಿಕೆ ಕಾಣಿಸಿಕೊಂಡು, ಕಂಪ್ಯೂಟರ್ ತನ್ನಷ್ಟಕ್ಕೆ ಮರುಚಾಲನೆಗೊಳ್ಳುತ್ತಿತ್ತು. ಇದರ ದುರಸ್ತಿ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈನಲ್ಲೇ ಕೊಟ್ಟಿತ್ತು. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಕೂಡ ಇತ್ತು, ಆದರೆ ಅದನ್ನು ಬಳಕೆದಾರರೇ ಹುಡುಕಿ ಚಾಲೂ ಮಾಡಬೇಕಿತ್ತು. ಜೋನ್‌ಅಲಾರ್ಮ್‌ನಂತಹ ಪ್ರತ್ಯೇಕ ಫೈರ್‌ವಾಲ್‌ಗಳು ಮನೆಮಾತಾಗಿದ್ದುದು ಆ ಕಾಲದಲ್ಲಿ. 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂದಾಗ ಫೈರ್‌ವಾಲ್ ತಾನಾಗಿ ಚಾಲೂ ಇರುವಂತಾಯಿತು. ಅಂದಿನಿಂದ ಇಂದಿನವರೆಗೂ ವಿಂಡೋಸ್‌ನ ರೀತಿ ಒಂದೇ: ನಾವು ಕರೆಯದೆ ಹೊರಗಿನಿಂದ ಬಂದು ಬಾಗಿಲು ತಟ್ಟುವವರಿಗೆ ಪ್ರವೇಶವಿಲ್ಲ, ಒಳಗಿನಿಂದ ಹೊರಟವರಿಗೆ ತಡೆಯಿಲ್ಲ. ಮನೆಯ ರೌಟರ್ ಕೂಡ ಬಹುತೇಕ ಇದೇ ಕೆಲಸವನ್ನು ಇನ್ನೊಂದು ಪದರವಾಗಿ ಮಾಡುತ್ತದೆ.

ಹೊರಹೋಗುವುದನ್ನೂ ತಡೆದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಮೇಲ್ನೋಟಕ್ಕೆ ಹೌದು. ಆದರೆ ಕುತಂತ್ರಾಂಶವೊಂದು ಒಳಗೆ ಬಂದು ಆಡಳಿತಾಧಿಕಾರವುಳ್ಳ ಖಾತೆಯಲ್ಲಿ ಓಡತೊಡಗಿದ ಮೇಲೆ ಫೈರ್‌ವಾಲಿನ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಳ್ಳಬಲ್ಲದು, ಇಲ್ಲವೇ ಈಗಾಗಲೇ ಅನುಮತಿ ಇರುವ ಬ್ರೌಸರಿನ ಬೆನ್ನೇರಿ ಹೊರಹೋಗಬಲ್ಲದು. ಹೊರಗಿನ ದಾರಿಯ ಕಾವಲಿನಿಂದ ಸಿಗುವ ನಿಜವಾದ ಪ್ರಯೋಜನ ಯಾವ ತಂತ್ರಾಂಶ ಯಾವಾಗ ಯಾರೊಂದಿಗೆ ಮಾತಾಡುತ್ತಿದೆ ಎಂಬ ತಿಳಿವಳಿಕೆ. ಆ ತಿಳಿವಳಿಕೆಗೂ ಬೆಲೆ ಇದೆ, ಆದರೆ ಅದು ಕೋಟೆಯ ಗೋಡೆಯಲ್ಲ.

ಮತ್ತು ಅದಕ್ಕೆ ನಾವು ತೆರಬೇಕಾದದ್ದು ಪ್ರಶ್ನೆಗಳಿಗೆ ಉತ್ತರ ಹೇಳುವ ಕರ್ತವ್ಯ. ಹಲವು ವರ್ಷಗಳ ಹಿಂದೆ ನಾನೂ ಇಂಥದೊಂದು ಫೈರ್‌ವಾಲ್ ಹಾಕಿಕೊಂಡು, ಅದು ಎದುರಿಗಿಟ್ಟ ಪ್ರತಿಯೊಂದು ಕಿಟಕಿಗೂ ಬಹಳ ಶಿಸ್ತಿನಿಂದ ಉತ್ತರಿಸುತ್ತಿದ್ದೆ. ಒಂದು ಸಂಜೆ ‘ಎಸ್‌ವಿಸಿ-ಹೋಸ್ಟ್ ಹೊರಗೆ ಸಂಪರ್ಕಿಸಲು ಬಯಸುತ್ತಿದೆ’ ಎಂದು ಕೇಳಿತು. ಹೆಸರು ಅನುಮಾನಾಸ್ಪದವಾಗಿ ಕಂಡದ್ದರಿಂದ, ಇನ್ನೊಮ್ಮೆ ಕೇಳಬೇಡ ಎಂಬ ಗುರುತನ್ನೂ ಹಾಕಿ ‘ತಡೆ’ ಎಂದು ಒತ್ತಿದೆ. ಅಲ್ಲಿಗೆ ಒಂದು ಜಾಲತಾಣವೂ ತೆರೆಯದಾಯಿತು. ಅದು ವಿಂಡೋಸ್‌ನ ಹತ್ತಾರು ಒಳಸೇವೆಗಳನ್ನು ಹೊತ್ತು ಓಡುವ ತಂತ್ರಾಂಶ, ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಯೂ ಅದರೊಳಗೇ ಇದೆ ಎಂಬುದು ತಿಳಿಯುವ ಹೊತ್ತಿಗೆ, ರೌಟರನ್ನು ನಾಲ್ಕು ಸಲ ಆರಿಸಿ ಹೊತ್ತಿಸಿ ಅರ್ಧ ದಿನ ಕಳೆದಿದ್ದೆ. ಇದರ ನಂತರ ಬಂದದ್ದು ಇನ್ನೂ ಕೆಟ್ಟ ಅಭ್ಯಾಸ: ಮತ್ತೆ ಹಾಗಾಗದಿರಲಿ ಎಂದು ಕೇಳಿದ್ದಕ್ಕೆಲ್ಲ ‘ಬಿಡು’ ಎಂದು ಒತ್ತತೊಡಗಿದೆ. ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಯಜಮಾನನಿದ್ದರೆ ಕಾವಲುಗಾರ ಇದ್ದೂ ಇಲ್ಲದಂತೆ.

ಇಷ್ಟಾದ ಮೇಲೂ ಹೊರದಾರಿಯ ಹಿಡಿತ ಬೇಕೆನ್ನುವವರಿಗೆ ಟೈನಿವಾಲ್ ಅಥವಾ ಸಿಂಪಲ್‌ವಾಲ್ ಸೂಕ್ತ. ಇವು ಹಗುರವಾಗಿರುವುದಕ್ಕೆ ಕಾರಣವಿದೆ: ವಿಂಡೋಸ್ ವಿಸ್ಟಾದಿಂದ ಈಚೆಗೆ ವಿಂಡೋಸ್‌ನೊಳಗೇ ಇರುವ ಸೋಸುವ ವ್ಯವಸ್ಥೆಯನ್ನೇ ಇವು ಬಳಸಿಕೊಳ್ಳುತ್ತವೆ, ತಮ್ಮದೇ ಭಾರವಾದ ಡ್ರೈವರನ್ನು ತಂದು ಕೂರಿಸುವುದಿಲ್ಲ. ಟೈನಿವಾಲ್‌ನ ವಿಶೇಷವೆಂದರೆ ಅದು ಪ್ರಶ್ನೆ ಕೇಳುವುದೇ ಇಲ್ಲ. ಗುರುತಿಲ್ಲದ್ದನ್ನೆಲ್ಲ ಸದ್ದಿಲ್ಲದೆ ತಡೆಯುತ್ತದೆ, ಬೇಕಾದ ತಂತ್ರಾಂಶವನ್ನು ನೀವೇ ತೋರಿಸಿ ಅನುಮತಿ ಕೊಡಬೇಕು. ನನ್ನ ಎಸ್‌ವಿಸಿ-ಹೋಸ್ಟ್ ಪ್ರಸಂಗವನ್ನು ಓದಿದ ಮೇಲೆ ಈ ಮೌನದ ಬೆಲೆ ನಿಮಗೆ ತಿಳಿಯಬಹುದು. ಆದರೆ ಹೊಸ ತಂತ್ರಾಂಶ ಹಾಕಿ ಅದು ಇಂಟರ್ನೆಟ್ ಸಿಗುತ್ತಿಲ್ಲ ಎಂದಾಗ ಕಾರಣ ಟೈನಿವಾಲ್ ಇರಬಹುದೆಂಬ ನೆನಪು ಮನೆಯಲ್ಲಿ ಒಬ್ಬರಿಗಾದರೂ ಇರಬೇಕು.

ಬೇರೇನೂ ಹಾಕದಿದ್ದರೂ ಇರುವ ಫೈರ್‌ವಾಲನ್ನು ಸರಿಯಾಗಿಟ್ಟುಕೊಳ್ಳಿ. ಹೊಸ ವೈಫೈ ಸೇರಿದಾಗ ವಿಂಡೋಸ್‌ನಲ್ಲಿ ಆ ಜಾಲ ‘ಪಬ್ಲಿಕ್’ ಅಥವಾ ‘ಪ್ರೈವೇಟ್’ ಎಂದು ಗುರುತಾಗುತ್ತದೆ. ನಿಮ್ಮ ಮನೆಯದನ್ನು ಬಿಟ್ಟು ಉಳಿದುದೆಲ್ಲ ಪಬ್ಲಿಕ್ ಆಗಿರಲಿ. ಮನೆಯಲ್ಲೂ ಪ್ರಿಂಟರ್ ಅಥವಾ ಫೋಲ್ಡರ್ ಹಂಚಿಕೊಳ್ಳದಿದ್ದರೆ ಪಬ್ಲಿಕ್ ಎಂದೇ ಬಿಡುವುದರಿಂದ ನಷ್ಟವೇನಿಲ್ಲ. ಹೊಸ ಆಟವನ್ನೋ ವೀಡಿಯೊ ಕರೆಯ ತಂತ್ರಾಂಶವನ್ನೋ ಮೊದಲ ಸಲ ತೆರೆದಾಗ ‘ಫೈರ್‌ವಾಲ್ ಇದರ ಕೆಲವು ಸೌಲಭ್ಯಗಳನ್ನು ತಡೆದಿದೆ’ ಎಂಬ ಕಿಟಕಿ ಬರುವುದನ್ನು ನೋಡಿರುತ್ತೀರಿ. ಆ ತಂತ್ರಾಂಶ ಹೊರಗಿನವರ ಕರೆಗಾಗಿ ಕಿವಿಗೊಟ್ಟು ಕಾಯಲು ಬಯಸುತ್ತಿದೆ ಎಂಬುದಷ್ಟೇ ಅದರ ಅರ್ಥ; ಹೊರಗೆ ಹೋಗಲು ಅದಕ್ಕೆ ಅನುಮತಿ ಬೇಕೇ ಇಲ್ಲ. ಆದ್ದರಿಂದ ಅರ್ಥವಾಗದಿದ್ದರೆ ‘ಕ್ಯಾನ್ಸಲ್’ ಒತ್ತಿ. ಬಹಳ ಸಲ ತಂತ್ರಾಂಶ ಏನೂ ಆಗದಂತೆ ಕೆಲಸ ಮಾಡುತ್ತದೆ. ಮಾಡದಿದ್ದರೆ ಅನುಮತಿಯ ಪಟ್ಟಿಗೆ ಹೋಗಿ ಆಮೇಲೆ ಗುರುತು ಹಾಕಿದರಾಯಿತು.

ಪ್ರಶ್ನೆ: ಒಂದು ಆ್ಯಂಟಿವೈರಸ್ ಬಿಟ್ಟದ್ದನ್ನು ಇನ್ನೊಂದು ಹಿಡಿಯಲಿ ಎಂದು ಎರಡನ್ನು ಹಾಕಿಕೊಂಡಿದ್ದೇನೆ. ಕಂಪ್ಯೂಟರ್ ನಿಧಾನವಾಗಿದ್ದರೂ ಸಹಿಸಿಕೊಳ್ಳುತ್ತಿದ್ದೇನೆ. ಇದು ಸರಿಯೇ?

ಉತ್ತರ: ಸಹಿಸಿಕೊಳ್ಳಬೇಡಿ, ಒಂದನ್ನು ತೆಗೆಯಿರಿ. ಎರಡೂ ಒಂದೇ ಕಡತವನ್ನು ಒಂದೇ ಕ್ಷಣದಲ್ಲಿ ಹಿಡಿದು ಪರೀಕ್ಷಿಸಲು ಹೋಗುತ್ತವೆ. ಒಂದು ಬೇರ್ಪಡಿಸಿಟ್ಟ ವೈರಸ್ಸನ್ನು ಇನ್ನೊಂದು ಹೊಸದಾಗಿ ಸಿಕ್ಕಿತೆಂದು ಕೂಗುವುದೂ ಉಂಟು. ಇದಲ್ಲದೆ, ಆ್ಯಂಟಿವೈರಸ್ಸಿಗೆ ನಾವು ಯಂತ್ರದ ಅತ್ಯಂತ ಒಳಗಿನ ಕೋಣೆಯ ಕೀಲಿ ಕೊಟ್ಟಿರುತ್ತೇವೆ ಎಂಬುದನ್ನು ಮರೆಯಬಾರದು. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್, ಮೇಲೆ ಹೇಳಿದ ಅದೇ ಎಸ್‌ವಿಸಿ-ಹೋಸ್ಟ್ ಕಡತವನ್ನು ವೈರಸ್ ಎಂದು ಭ್ರಮಿಸಿ ಎತ್ತಿಟ್ಟಿದ್ದರಿಂದ ಎಕ್ಸ್‌ಪಿ ಕಂಪ್ಯೂಟರುಗಳು ಕುಸಿದುಬಿದ್ದವು. (ನನ್ನ ತಪ್ಪನ್ನೇ ಆ ಕ್ಷೇತ್ರದ ಪಳಗಿದವರೂ ಮಾಡಿದರೆಂಬುದು ನನಗೆ ಒಂದು ಸಣ್ಣ ಸಮಾಧಾನ.) 2024ರ ಜುಲೈ 19ರಂದು ಸಂಸ್ಥೆಗಳು ಬಳಸುವ ಕ್ರೌಡ್‌ಸ್ಟ್ರೈಕ್ ರಕ್ಷಣಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ (ವಿಂಡೋಸ್ ಕುಸಿದಾಗ ಕಾಣುವ ಪರದೆ) ತಳ್ಳಿತು. ಆ ಕೋಣೆಯ ಕೀಲಿ ಒಬ್ಬರ ಕೈಯಲ್ಲಿದ್ದರೆ ಸಾಕು.

ಎರಡನೆಯ ಅಭಿಪ್ರಾಯ ಬೇಕೆನಿಸಿದಾಗ, ಸದಾ ಓಡದೆ ಕೇಳಿದಾಗ ಮಾತ್ರ ಸ್ಕ್ಯಾನ್ ಮಾಡುವ ಸಾಧನವನ್ನು ಬಳಸಿ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಈ ಬಗೆಯದು. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಕೂಡ ಹೀಗೆಯೇ. ಅದನ್ನು ಇಳಿಸಿಕೊಂಡ 10 ದಿನಗಳಿಗೆ ಅವಧಿ ಮುಗಿಯುತ್ತದೆ, ಬೇಕಾದಾಗ ಹೊಸದಾಗಿ ಇಳಿಸಿಕೊಳ್ಳಬೇಕು. ಒಂದೇ ಕಡತದ ಬಗ್ಗೆ ಸಂಶಯವಿದ್ದರೆ ವೈರಸ್‌ಟೋಟಲ್ ತಾಣಕ್ಕೆ ಹಾಕಿದರೆ ಸುಮಾರು 70 ಆ್ಯಂಟಿವೈರಸ್ಸುಗಳ ತೀರ್ಪು ಒಟ್ಟಿಗೆ ಸಿಗುತ್ತದೆ. ಆದರೆ ಅಲ್ಲಿ ಹಾಕಿದ ಕಡತಗಳು ಭದ್ರತಾ ಸಂಶೋಧಕರಿಗೂ ದೊರೆಯುತ್ತವೆಯಾದ್ದರಿಂದ ಬ್ಯಾಂಕಿನ ಪತ್ರ, ಗುರುತಿನ ದಾಖಲೆ ಇತ್ಯಾದಿಗಳನ್ನು ಹಾಕಕೂಡದು. ಅಂದಹಾಗೆ, ಹಳೆಯ ಆ್ಯಂಟಿವೈರಸ್ಸನ್ನು ತೆಗೆಯುವಾಗ ಕಂಟ್ರೋಲ್ ಪ್ಯಾನೆಲ್ಲಿನಿಂದ ತೆಗೆದರೆ ಅದರ ಡ್ರೈವರುಗಳು ಕೆಲವೊಮ್ಮೆ ಉಳಿದುಬಿಡುತ್ತವೆ. ಅದನ್ನು ಬೇರುಸಹಿತ ಕೀಳುವ ಪ್ರತ್ಯೇಕ ಸಾಧನ ಆಯಾ ತಯಾರಕರ ತಾಣದಲ್ಲೇ ಸಿಗುತ್ತದೆ.

ಪ್ರಶ್ನೆ: ಉಚಿತ ಆ್ಯಂಟಿವೈರಸ್ ಕೊಡುವ ಕಂಪನಿಗಳಿಗೆ ಹಣ ಎಲ್ಲಿಂದ ಬರುತ್ತದೆ? ನಮ್ಮ ಮಾಹಿತಿ ಮಾರುತ್ತವೆಯೇ?

ಉತ್ತರ: ಹೆಚ್ಚಿನವು ಉಚಿತ ಆವೃತ್ತಿಯನ್ನು ಹಣ ತೆರುವ ಆವೃತ್ತಿಯ ಜಾಹೀರಾತು ಫಲಕವಾಗಿ ಬಳಸುತ್ತವೆ; ದಿನಕ್ಕೊಮ್ಮೆ ಮೂಲೆಯಲ್ಲಿ ಏಳುವ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಕಿಟಕಿ ಅದೇ. ಮಾಹಿತಿ ಮಾರಾಟದ ಸಂಶಯವೂ ಆಧಾರರಹಿತವಲ್ಲ. ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ತಾಣಗಳಿಗೆ ಹೋಗುತ್ತಾರೆಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ್ದು ಬಯಲಾಗಿ, 2020ರಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿ 1.65 ಕೋಟಿ ಡಾಲರ್ ತೆರಬೇಕೆಂದು ಪ್ರಕಟಿಸಿ, ಜಾಹೀರಾತಿಗಾಗಿ ಅಂತಹ ಮಾಹಿತಿ ಮಾರುವುದನ್ನು ನಿಷೇಧಿಸಿತು. ಉಚಿತವಾದದ್ದನ್ನು ಹಾಕಿಕೊಂಡರೆ ಸೆಟ್ಟಿಂಗ್ಸ್ ಒಳಗೆ ‘ಪ್ರೈವೆಸಿ’ ಎಂಬ ಪುಟವನ್ನು ಹುಡುಕಿ, ಮೂರನೆಯವರೊಡನೆ ಮಾಹಿತಿ ಹಂಚುವ ಗುರುತುಗಳನ್ನೆಲ್ಲ ತೆಗೆದುಹಾಕಿ. ಅದರ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಲೇಬೇಡಿ.

ಪ್ರಶ್ನೆ: ಒಳ್ಳೆಯ ಆ್ಯಂಟಿವೈರಸ್ ಹಾಕಿದರೆ ವಿಂಡೋಸ್ 7ರಲ್ಲೇ ಮುಂದುವರಿಯಬಹುದೇ? ನಮ್ಮ ಹಳೆಯ ಡೆಸ್ಕ್‌ಟಾಪ್‌ಗೆ ಅದೇ ಹಗುರ.

ಉತ್ತರ: ಇಂಟರ್ನೆಟ್ ಸಂಪರ್ಕ ಕಿತ್ತು, ಬರೆಯುವುದಕ್ಕೋ ಹಾಡು ಕೇಳುವುದಕ್ಕೋ ಬಳಸುವುದಾದರೆ ಮುಂದುವರಿಯಿರಿ. ಇಲ್ಲವಾದರೆ ಬೇಡ. ವಿಂಡೋಸ್ 7ಕ್ಕೆ ಭದ್ರತಾ ತೇಪೆಗಳು 2020ರ ಜನವರಿ 14ಕ್ಕೇ ನಿಂತುಹೋಗಿವೆ. ಆ್ಯಂಟಿವೈರಸ್ ಬರುವವರ ಮುಖ ನೋಡಬಲ್ಲದೇ ಹೊರತು ಬಿರುಕು ಬಿಟ್ಟ ಗೋಡೆಯನ್ನು ಮುಚ್ಚಲಾರದು. 2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ 445ನೇ ಪೋರ್ಟ್ ಮೂಲಕ ಸುಮಾರು 150 ದೇಶಗಳಿಗೆ ಹರಡಿದಾಗ, ಅದು ಬಳಸಿದ ಬಿರುಕಿಗೆ ತೇಪೆ ಬಂದು ಎರಡು ತಿಂಗಳಾಗಿತ್ತು. ತೇಪೆ ಹಾಕಿಕೊಂಡಿದ್ದ ಯಂತ್ರಗಳೊಳಗೆ ಆ ಬಿರುಕಿನಿಂದ ಅದು ನುಸುಳಲಾಗಲಿಲ್ಲ.

ವಿಂಡೋಸ್ 10 ಬಳಸುವ ಮೊದಲ ಪ್ರಶ್ನೆಯ ಓದುಗರಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆದಾರರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಸಿಗುವ ಏರ್ಪಾಡನ್ನು ಮೈಕ್ರೋಸಾಫ್ಟ್ ಮಾಡಿದೆ. ಡಿಫೆಂಡರಿನ ವೈರಸ್ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೂ ಹೊಸದಾಗುತ್ತಿರುತ್ತದೆ ಎಂದು ಅದು ಹೇಳಿದೆ. ಪಟ್ಟಿ ಹೊಸದಾಗುವುದೇ ಬೇರೆ, ವಿಂಡೋಸ್‌ನ ಬಿರುಕು ಮುಚ್ಚುವುದೇ ಬೇರೆ; ಎರಡನೆಯದಕ್ಕೆ ನೋಂದಣಿ ಬೇಕು.

ನಿಮ್ಮ ಡೆಸ್ಕ್‌ಟಾಪ್‌ಗೆ ಹೊಸ ವಿಂಡೋಸ್ ಭಾರವೆನಿಸಿದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್ ಎಂಬ ವ್ಯವಸ್ಥೆಯ ಹಗುರವಾದ ರೂಪವೊಂದನ್ನು ಹಾಕಿ ನೋಡಿ. ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಜೊತೆಗೇ ಬರುತ್ತದೆ, ಆದರೆ ಚಾಲೂ ಇರುವುದಿಲ್ಲ. ಒಂದು ಸಾಲಿನ ಆಜ್ಞೆ ಕೊಟ್ಟು ನೀವೇ ಎಬ್ಬಿಸಬೇಕು. ಉಚಿತವೂ ಮುಕ್ತವೂ ಆದ ಕ್ಲಾಮ್‌ಎವಿ ಆ್ಯಂಟಿವೈರಸ್ಸನ್ನು ಹಗುರವೆಂದು ನಂಬಿ ಅಲ್ಲಿ ಹಾಕಲು ಹೋಗಬೇಡಿ. ಸದಾ ಓಡುವಂತೆ ಇಟ್ಟರೆ ಅದು ತನ್ನ ಪಟ್ಟಿಯನ್ನೆಲ್ಲ ರ‍್ಯಾಮ್‌ಗೆ ತುಂಬಿಕೊಂಡು 1 ಜಿಬಿಗೂ ಮೀರಿ ಕಬಳಿಸುತ್ತದೆ.

ಪ್ರಶ್ನೆ: ನನ್ನ ಆ್ಯಂಟಿವೈರಸ್ ವರ್ಷಗಟ್ಟಲೆಯಿಂದ ಒಂದು ವೈರಸ್ಸನ್ನೂ ಹಿಡಿದಿಲ್ಲ. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಇದಕ್ಕೆಂದೇ ಐಕಾರ್ ಪರೀಕ್ಷಾ ಕಡತವಿದೆ. ಅದು 68 ಅಕ್ಷರಗಳ ಒಂದು ಸಾಲು, ಯಾವ ಹಾನಿಯನ್ನೂ ಮಾಡದು. ಆ್ಯಂಟಿವೈರಸ್ ತಯಾರಕರೆಲ್ಲ ಅದನ್ನು ವೈರಸ್ ಎಂದೇ ಕೂಗಬೇಕೆಂದು ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದಾರೆ. ಐಕಾರ್ ಸಂಸ್ಥೆಯ ತಾಣದಿಂದ ಆ ಸಾಲನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ ಸೇವ್ ಮಾಡಿ. ಕೆಲವೇ ಕ್ಷಣಗಳಲ್ಲಿ ಎಚ್ಚರಿಕೆ ಬಂದು ಕಡತ ಮಾಯವಾದರೆ ಕಾವಲುಗಾರ ಎಚ್ಚರವಾಗಿದ್ದಾನೆ. ಇದು ಅವನು ಎಚ್ಚರವಾಗಿದ್ದಾನೆಂದು ತಿಳಿಸುವುದೇ ಹೊರತು ಎಷ್ಟು ಚುರುಕೆಂದು ತಿಳಿಸುವುದಿಲ್ಲ. ಚುರುಕುತನವನ್ನು ಪರೀಕ್ಷಿಸಲು ನಿಜವಾದ ವೈರಸ್ ಇಳಿಸಿಕೊಳ್ಳುವ ಸಾಹಸಕ್ಕೆ ಕೈಹಾಕಬೇಡಿ.

ಪ್ರಶ್ನೆ: ಪರದೆಯ ಬಲ ಮೂಲೆಯಲ್ಲಿ ‘5 ವೈರಸ್ ಪತ್ತೆಯಾಗಿವೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂದು ದಿನಕ್ಕೆ ಹತ್ತು ಸಲ ಬರುತ್ತಿದೆ. ಎರಡು ಬಗೆಯ ಆ್ಯಂಟಿವೈರಸ್‌ಗಳಿಂದ ಪೂರ್ತಿ ಸ್ಕ್ಯಾನ್ ಮಾಡಿದರೂ ಏನೂ ಸಿಗಲಿಲ್ಲ. ನನ್ನ ತಂದೆಯವರು ಬಹಳ ಹೆದರಿದ್ದಾರೆ.

ಉತ್ತರ: ಸ್ಕ್ಯಾನಿನಲ್ಲಿ ಏನೂ ಸಿಗದಿರುವುದು ಸಹಜ, ಏಕೆಂದರೆ ಅಲ್ಲಿ ವೈರಸ್ ಇಲ್ಲದಿರುವುದೇ ಹೆಚ್ಚು ಸಂಭವ. ನಿಜವಾದ ಆ್ಯಂಟಿವೈರಸ್ ವೈರಸ್ ಕಂಡಾಗ ಫೋನ್ ಮಾಡಿ ಎನ್ನುವುದಿಲ್ಲ. ಯಾವುದೋ ತಾಣಕ್ಕೆ ಹೋಗಿದ್ದಾಗ ‘ಸೂಚನೆಗಳನ್ನು ಕಳುಹಿಸಬಹುದೇ’ ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರೋ ‘ಅಲೋ’ (ಅನುಮತಿಸು) ಎಂದು ಒತ್ತಿರುತ್ತಾರೆ. ಅಂದಿನಿಂದ ಆ ತಾಣ ಬ್ರೌಸರಿನ ಮೂಲಕ ಈ ಸುಳ್ಳು ಎಚ್ಚರಿಕೆಗಳನ್ನು ಕಳುಹಿಸುತ್ತಿದೆ. ಮುಂದಿನ ಸಲ ಅದು ಬಂದಾಗ ಮುಚ್ಚುವ ಮುನ್ನ ಹತ್ತಿರದಿಂದ ನೋಡಿ: ಅಕ್ಷರಗಳ ನಡುವೆಯೋ ಕೆಳಗೋ ಸಣ್ಣದಾಗಿ ಬ್ರೌಸರಿನ ಹೆಸರೂ ಒಂದು ತಾಣದ ವಿಳಾಸವೂ ಇರುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಅನುಮತಿಗಳ ಕೆಳಗೆ ‘ನೋಟಿಫಿಕೇಷನ್ಸ್’ ಎಂಬಲ್ಲಿಗೆ ಹೋಗಿ, ಅನುಮತಿ ಪಡೆದವರ ಪಟ್ಟಿಯಲ್ಲಿ ಆ ವಿಳಾಸವನ್ನು ಹುಡುಕಿ ತೆಗೆದುಹಾಕಿ. ಹೊಸ ಕೋರಿಕೆಗಳನ್ನೂ ಅಲ್ಲೇ ಒಟ್ಟಾರೆಯಾಗಿ ತಡೆಯಬಹುದು. ತಂದೆಯವರು ಈಗಾಗಲೇ ಆ ಸಂಖ್ಯೆಗೆ ಕರೆ ಮಾಡಿ, ಅತ್ತಲಿನವರು ಹೇಳಿದ ಯಾವುದಾದರೂ ತಂತ್ರಾಂಶವನ್ನು ಹಾಕಿಕೊಂಡಿದ್ದರೆ, ಮೊದಲು ಇಂಟರ್ನೆಟ್ ಸಂಪರ್ಕ ಕಡಿದು ಅದನ್ನು ತೆಗೆಯಿರಿ. ನಂತರ ಬೇರೊಂದು ಸಾಧನದಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ, ಬ್ಯಾಂಕಿಗೂ ವಿಷಯ ತಿಳಿಸಿ.